ಪೆನ್ನು ಕೆಳಗಿಟ್ಟ ಮೇಲೆ ಹೇಳಿದ ಪಾಠ

ಡಿಗ್ರಿ ಕಾಲೇಜಿಗೆ ಹಿಸ್ಟರಿ ಲೆಕ್ಚರರ್ ಆಗಿ ಹೊಸದಾಗಿ ಸೇರಿದವರು ಒಮ್ಮೊಮ್ಮೆ ಬೈಲಹೊಂಗಲದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಮುಗಿದ ಮೇಲೆ, "ಏನರೆ ಟಿಪ್ಸ್ ಕೊಡ್ರಿ ಮೇಡಂ" ಎನ್ನುತ್ತಾರೆ. ನನ್ನ ಹತ್ತಿರ ಇರುವ ಟಿಪ್ ಒಂದೇ. ಕ್ಲಾಸಿನಲ್ಲಿ ಯಾವ ಮಾತನ್ನು ಎರಡು ಸಲ ಹೇಳುತ್ತೀರಿ, ಯಾವುದನ್ನು ಒಂದೇ ಸಲ ಹೇಳುತ್ತೀರಿ ಎಂಬುದನ್ನು ಮನೆಯಲ್ಲೇ ಕೂತು ಯೋಚಿಸಿಕೊಂಡು ಹೋಗಿ. ಅವರು ನಗುತ್ತಾರೆ. ನಾನು ನಗಿಸಲಿಕ್ಕೆ ಹೇಳಿದ್ದಲ್ಲ. ಅದನ್ನು ವಿವರಿಸಲು ಒಂದು ಚಹಾದ ಹೊತ್ತು ಸಾಲುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಪಾಠ ಮಾಡಿದೆ. ಸಿಲೆಬಸ್ ಐದಾರು ಸಲ ಬದಲಾಯಿತು, ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು, ಆದರೆ ಒಂದು ಪೇಪರ್ ಮಾತ್ರ ನನ್ನ ಬೆನ್ನು ಬಿಡಲಿಲ್ಲ: ಯುರೋಪಿನ ಸಾಂಸ್ಕೃತಿಕ ಇತಿಹಾಸ. ಯಹೂದಿ, ಕ್ರೈಸ್ತ, ಇಸ್ಲಾಂ, ಈ ಮೂರು ಧರ್ಮಗಳು ಯುರೋಪನ್ನು ಹೇಗೆ ರೂಪಿಸಿದವು ಎಂಬುದು ಅದರ ತಿರುಳು. ಕಿತ್ತೂರು, ಸವದತ್ತಿ ಕಡೆಯಿಂದ ಬೆಳಗಿನ ಬಸ್ಸಿಗೆ ಜೋತುಬಿದ್ದು ಬರುವ ಮಕ್ಕಳಿಗೆ ಇದೆಲ್ಲ ಯಾಕೆ ಎಂದು ನಮ್ಮ ಕಾಲೇಜಿನ ಕಾಮರ್ಸ್‌ನವರು ಕೇಳುತ್ತಿದ್ದರು. ನನ್ನ ಹತ್ತಿರ ಬಹಳ ದಿನ ಉತ್ತರ ಇರಲಿಲ್ಲ.

ನನಗೆ ಯುರೋಪ್ ಸಿಕ್ಕಿದ್ದು ಕಾನ್ವೆಂಟಿನಲ್ಲಿ. ನಮ್ಮದು ಅರಳಿ, ಅಂದರೆ ಹತ್ತಿ ವ್ಯಾಪಾರದ ಮನೆ. ತಂದೆಯವರು ನನ್ನನ್ನು ಬೆಳಗಾವಿಯ ಬೋರ್ಡಿಂಗಿಗೆ ಹಾಕಿದರು. ರಜೆಯಲ್ಲಿ ಮನೆಗೆ ಬಂದರೆ ಬೆಳಿಗ್ಗೆ ಅಜ್ಜಿಯ ಲಿಂಗಪೂಜೆ, ತಿರುಗಿ ಹೋದರೆ ಚಾಪೆಲ್ಲಿನ ಬೆಲ್ಲು. ಎರಡೂ ನನಗೆ ಭಾರವೆನಿಸಲಿಲ್ಲ. ಅಲ್ಲಿ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಯುರೋಪಿನ ಮ್ಯಾಪನ್ನು ಕಣ್ಣು ಮುಚ್ಚಿ ಬರೆಯಬಲ್ಲವರು. ಅವರಿಗೆ ಯುರೋಪ್ ಎಂದರೆ ಒಂದು ದೊಡ್ಡ ಚರ್ಚು. ಯಹೂದಿಗಳ ಕಥೆ ಹಳೆ ಒಡಂಬಡಿಕೆಯ ಕೊನೆಯ ಪುಟಕ್ಕೆ ಮುಗಿಯುತ್ತಿತ್ತು. ಮುಸಲ್ಮಾನರು ಕುದುರೆ ಏರಿ ಗಡಿಯವರೆಗೆ ಬಂದು ತಿರುಗಿ ಹೋಗುತ್ತಿದ್ದರು. ನಾವು ಸಂಜೆ ಹಾಡುತ್ತಿದ್ದ ಬೈಬಲ್ಲಿನ ಕೀರ್ತನೆಗಳು, ಸಾಮ್ಸ್, ಯಹೂದಿಗಳ ಹಾಡುಗಳೆಂದು ನನಗೆ ತಿಳಿದದ್ದು ಎಂ.ಎ. ಮಾಡುವಾಗ. ಈಗಲೂ ಸಂಜೆ ಒಬ್ಬಳೇ ಇರುವಾಗ ಅವುಗಳಲ್ಲಿ ಒಂದೆರಡು ಸಾಲು ಬಾಯಿಗೆ ಬರುತ್ತವೆ. ಸಿಸ್ಟರ್ ಮೇಲೆ ಸಿಟ್ಟಿಲ್ಲ. ಆ ಮ್ಯಾಪು ಮಾತ್ರ ಬಹಳ ಚೆಂದ ಇತ್ತು.

ಕಾಲೇಜಿನಲ್ಲಿ ಪಾಠಕ್ಕೆ ನಿಂತ ಮೊದಲ ದಿನ ಆ ಮ್ಯಾಪನ್ನೇ ಬರೆದು, ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದೆ. ಕ್ಲಾಸು ಪಿನ್ ಡ್ರಾಪ್ ಸೈಲೆಂಟ್. ಎಷ್ಟು ಒಳ್ಳೆಯ ಮಕ್ಕಳು ಎಂದುಕೊಂಡೆ. ಬೆಲ್ಲು ಹೊಡೆಯುವ ಮುಂಚೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಬಹಳ ಮರ್ಯಾದೆಯಿಂದ ಹೇಳಿದ: "ಮೇಡಂ, ಪ್ರಾರ್ಥನಾ ಮುಗೀತಂದ್ರ ಪಾಠ ಚಾಲೂ ಮಾಡ್ರಿ."

ಅವತ್ತು ಸ್ಟಾಫ್ ರೂಮಿನಲ್ಲಿ ನನ್ನ ಮುಖ ನೋಡಿದ ಹುಕ್ಕೇರಿ ಸರ್ ಕಪಾಟಿನಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ಕೊಟ್ಟರು. ಅವರು ನನಗಿಂತ ಐದು ವರ್ಷ ಸೀನಿಯರ್, ಮುಂದೆ ನಮ್ಮ ವಿಭಾಗದ ಮುಖ್ಯಸ್ಥರಾದವರು.

"ಇದರಾಗ ಎಲ್ಲಾ ಐತ್ರಿ ಬಾಯಾರ. ಒಂದೊಂದು ವಾಕ್ಯ ಎರಡೆರಡು ಸಲ ಹೇಳ್ರಿ. ಮೊದಲನೇದು ಕಿವಿಗೆ, ಎರಡನೇದು ಕೈಗೆ."

"ತಿಳಿಸಿ ಹೇಳೂದು ಯಾವಾಗ್ರಿ ಸರ್?"

"ಟೈಮ್ ಉಳದ್ರ."

ಆ ನೋಟ್ಸಿನ ಬಗ್ಗೆ ನಾನು ಹಗುರವಾಗಿ ಮಾತಾಡುವವಳಲ್ಲ. ಈ ವಿಷಯಕ್ಕೆ ಆಗ ಕನ್ನಡದಲ್ಲಿ ಮಕ್ಕಳ ಕೈಗೆ ಕೊಡುವಂಥ ಪುಸ್ತಕ ನಮ್ಮ ಲೈಬ್ರರಿಯಲ್ಲಿ ಇರಲಿಲ್ಲ. ಕ್ಲಾಸಿನಲ್ಲಿ ಬರೆದುಕೊಂಡಿದ್ದೇ ಪುಸ್ತಕ. ಅಕ್ಕ ಬರೆದಿದ್ದನ್ನು ತಂಗಿ ಓದಿ ಪಾಸಾದದ್ದನ್ನು ನೋಡಿದ್ದೇನೆ. ಹಾಗಾಗಿ ನಾನೂ ಎರಡೆರಡು ಸಲ ಹೇಳುವುದನ್ನು ಕಲಿತೆ. ಮಕ್ಕಳಿಗೆ ಇದು ಕಾನೂನಿನ ಹಾಗೆ. ಎರಡು ಸಲ ಹೇಳಿದ್ದು ಪರೀಕ್ಷೆಗೆ, ಒಂದು ಸಲ ಹೇಳಿದ್ದು ಗಾಳಿಗೆ. ನೋಟ್ಸಿನಲ್ಲಿ ಇಲ್ಲದ್ದನ್ನು ಹೇಳಬೇಕೆನಿಸಿದಾಗ ನಾನು, "ಪೆನ್ನು ಕೆಳಗಿಡ್ರಿ" ಎನ್ನುತ್ತಿದ್ದೆ. ನಲವತ್ತು ಪೆನ್ನುಗಳು ಟಕ್ಕೆಂದು ಬೆಂಚಿಗೆ ಬೀಳುತ್ತಿದ್ದವು. ಕೆಲವರು ಬೆರಳು ಲಟಿಕೆ ಮುರಿಯುತ್ತಿದ್ದರು. ಆ ಐದು ನಿಮಿಷಕ್ಕಾಗಿಯೇ ನಾನು ಉಳಿದ ನಲವತ್ತು ನಿಮಿಷ ಡಿಕ್ಟೇಶನ್ ಕೊಡುತ್ತಿದ್ದೆ ಎಂದರೂ ತಪ್ಪಲ್ಲ.

ಒಮ್ಮೆ ಸಬ್ಬತ್ತಿನ ಪಾಠ. ಯಹೂದಿಗಳು ವಾರದಲ್ಲೊಂದು ದಿನ ಕೆಲಸ ಬಿಡುವ ಕಟ್ಟಳೆ ಮಾಡಿಕೊಂಡಿದ್ದು, ಕ್ರೈಸ್ತರು ಅದನ್ನು ಭಾನುವಾರಕ್ಕೆ ತಂದಿದ್ದು, ಯುರೋಪಿನ ವಾರಕ್ಕೆ ಅದರಿಂದ ಆಕಾರ ಬಂದಿದ್ದು. ಎರಡು ಸಲ ಹೇಳಿದೆ, ಬರೆದರು, ಯಾರ ಮುಖದಲ್ಲೂ ಏನೂ ಇಲ್ಲ. ಪೆನ್ನು ಕೆಳಗಿಡಿಸಿ, ಆ ಕಟ್ಟಳೆಯಲ್ಲಿ ಮನುಷ್ಯರಷ್ಟೇ ಅಲ್ಲ, ಎತ್ತು ಕತ್ತೆಗಳಿಗೂ ರಜೆ ಇದೆ ಎಂದೆ. ಸವದತ್ತಿ ಕಡೆಯ ಒಬ್ಬ ರೈತರ ಹುಡುಗಿ ತಲೆ ಎತ್ತಿದಳು.

"ಹಂಗಂದ್ರ ನಮ್ಮ ಸೋಮವಾರ ಇದ್ದಂಗ ಅನ್ರಿ ಮೇಡಂ. ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ, ಬಸವಣ್ಣನ ದಿನ."

"ಹಂಗ ಅನ್ನು."

"ಮತ್ತ ಇದನ್ನ ಮೊದಲ ಹೇಳಬೇಕಿಲ್ರಿ."

ಕಾಮರ್ಸ್‌ನವರಿಗೆ ಕೊಡುವ ಉತ್ತರ ಅಂದಿನಿಂದ ನನಗೆ ಸ್ವಲ್ಪ ಸ್ವಲ್ಪ ಸಿಗತೊಡಗಿತು. ಸಕ್ಕರೆ ಕಾರ್ಖಾನೆಯಿರುವ ಎಂ.ಕೆ. ಹುಬ್ಬಳ್ಳಿಯಿಂದ ಬರುವ ಕಬ್ಬಿನವರ ಮಕ್ಕಳಿಗೆ ಸಕ್ಕರೆಯಿಂದ ಶುರು ಮಾಡುತ್ತಿದ್ದೆ. ನಮ್ಮ ಶರ್ಕರ ಪರ್ಷಿಯಾ ದಾಟಿ, ಅರಬರ ಬಾಯಲ್ಲಿ ಸುಕ್ಕರ್ ಆಗಿ, ಅವರ ಜೊತೆಯೇ ಕಬ್ಬೂ ಸಿಸಿಲಿ, ಸ್ಪೇನಿನ ಹೊಲಗಳಿಗೆ ಹೋಗಿ, ಆಮೇಲೆ ಯುರೋಪಿನವರ ಶುಗರ್ ಆಯಿತು ಎಂದರೆ ಒಬ್ಬ ಹುಡುಗ, "ಆವಾಗೂ ಟ್ರ್ಯಾಕ್ಟರ್ ಲೈನು ಹಚ್ಚಿ ನಿಂದರಬೇಕಿತ್ತೇನ್ರಿ?" ಎಂದಿದ್ದ. ಚರ್ಚಿನ ಮಠಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಹೊಡೆದ ಗಂಟೆಯೇ ಊರ ಜನಕ್ಕೆ ಗಡಿಯಾರವಾಯಿತು ಎಂದಾಗ, ನಮ್ಮ ಪ್ಯೂನ್ ಯಾವಾಗಲೂ ಐದು ನಿಮಿಷ ತಡವಾಗಿ ಬೆಲ್ಲು ಹೊಡೆಯುವ ವಿಷಯ ಬಂತು. ಪಾಠ ಅಲ್ಲಿಗೆ ಮುಗಿಯಿತು.

ನನ್ನ ದೊಡ್ಡ ತಪ್ಪನ್ನು ಮೊದಲು ತೋರಿಸಿಕೊಟ್ಟವಳು ಬೈಲಹೊಂಗಲದ ಅತ್ತರು ಮಾರುವವರ ಮನೆಯ ಹುಡುಗಿ. ನಾನು ಸೇರಿ ಮೂರೋ ನಾಲ್ಕೋ ವರ್ಷ ಆಗಿತ್ತು. ಸಿಸ್ಟರ್ ಹೇಳಿದ್ದನ್ನೂ ನೋಟ್ಸಿನಲ್ಲಿದ್ದುದನ್ನೂ ಕೂಡಿಸಿ, ಅರಬರ ದಂಡು ಎಲ್ಲೆಲ್ಲಿಗೆ ಹೋಯಿತು, ಎಲ್ಲಿ ಸೋತಿತು ಎಂದು ಹೇಳಿ ಮುಗಿಸಿದ್ದೆ. ಕ್ಲಾಸು ಬಿಟ್ಟ ಮೇಲೆ ವೆರಾಂಡಾದಲ್ಲಿ ನನ್ನ ಪಕ್ಕಕ್ಕೆ ಬಂದು ನಡೆಯುತ್ತಾ ಕೇಳಿದಳು.

"ಮೇಡಂ, ಅವರು ಬರೇ ದಂಡ ತಗೊಂಡ ಹೋದ್ರೇನ್ರಿ? ಬ್ಯಾರೆ ಏನೂ ಒಯ್ಯಲಿಲ್ಲೇನ್ರಿ?"

"ನೋಡಿ ಹೇಳತೇನಿ" ಎಂದೆ. ಲೆಕ್ಚರರ್‌ಗಳು ಹೀಗೆ ಹೇಳಿ ಮರೆಯುತ್ತಾರೆ. ನಾನು ಯಾಕೋ ಮರೆಯಲಿಲ್ಲ. ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ಹೋಗಿ ಲೈಬ್ರರಿಯಲ್ಲಿ ಕೂತೆ. ಟೊಲೆಡೊ ನನಗೆ ಸಿಕ್ಕಿದ್ದು ಅಲ್ಲಿ.

ಸ್ಪೇನಿನ ಆ ಊರಿನಲ್ಲಿ ಅರಬ್ಬಿ ಪುಸ್ತಕಗಳು ರಾಶಿ ರಾಶಿ ಇದ್ದವು. ಗ್ರೀಕರ ವೈದ್ಯ, ಗಣಿತ, ತತ್ತ್ವಗಳನ್ನು ಅರಬರು ತಮ್ಮ ಭಾಷೆಗೆ ತಂದು, ತಮ್ಮದನ್ನೂ ಸೇರಿಸಿ ಬರೆದಿಟ್ಟಿದ್ದು. ಊರು ಕ್ರೈಸ್ತ ರಾಜನ ಕೈಗೆ ಬಂದ ಮೇಲೆ ಪಾದ್ರಿಗಳಿಗೆ ಅವು ಬೇಕಾದವು, ಆದರೆ ಅವರಲ್ಲಿ ಹೆಚ್ಚಿನವರಿಗೆ ಅರಬ್ಬಿ ಬರುತ್ತಿರಲಿಲ್ಲ. ಆಗ ಒಬ್ಬ ಯಹೂದಿ ಪಂಡಿತ ಅರಬ್ಬಿ ಪುಸ್ತಕ ಓದಿ, ಅದನ್ನು ಊರ ಆಡುಮಾತಿನಲ್ಲಿ ಗಟ್ಟಿಯಾಗಿ ಹೇಳುವುದು, ಎದುರಿಗೆ ಕೂತ ಪಾದ್ರಿ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುವುದು. ಯುರೋಪಿನ ಯೂನಿವರ್ಸಿಟಿಗಳು ಮುಂದೆ ಓದಿದ ಎಷ್ಟೋ ಪುಸ್ತಕ ಹೀಗೆ ಎರಡು ಬಾಯಿ ದಾಟಿ ಬಂದದ್ದು.

ಆ ವರ್ಷದಿಂದ ಪುನರುಜ್ಜೀವನದ ಪಾಠ ಬಂದಾಗಲೆಲ್ಲ ನಾನು ಪೆನ್ನು ಕೆಳಗಿಡಿಸಿ ಟೊಲೆಡೊದ ಕಥೆ ಹೇಳುತ್ತಿದ್ದೆ. ಹೇಳಿ, "ಸರಿ, ಇನ್ನ ಪೆನ್ನು ತಗೊಳ್ರಿ" ಎಂದು ಮತ್ತೆ ನೋಟ್ಸಿಗೆ ಬರುತ್ತಿದ್ದೆ. ಅದರಲ್ಲಿ ಪುನರುಜ್ಜೀವನಕ್ಕೆ ಐದು ಕಾರಣಗಳಿದ್ದವು. ಅರಬ್ಬಿ ಪುಸ್ತಕವಾಗಲಿ, ಯಹೂದಿ ಪಂಡಿತನಾಗಲಿ ಆ ಐದರಲ್ಲಿ ಇರಲಿಲ್ಲ.

ಶಿವಲೀಲಾ ಬಂದದ್ದು ಬಹಳ ವರ್ಷಗಳ ನಂತರ. ಕಟಕೋಳದ ಹುಡುಗಿ, ಬೈಲಹೊಂಗಲದ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ತಂದೆ ರಾಮದುರ್ಗದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಟೇಬಲ್ ಹಾಕಿಕೊಂಡು ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆದುಕೊಡುವ ಬಾಂಡ್ ರೈಟರ್. ಅವಳು ಕ್ಲಾಸಿನಲ್ಲಿ ಹೆಚ್ಚು ಮಾತಾಡುವವಳಲ್ಲ. ಟೊಲೆಡೊ ಹೇಳಿದ ದಿನ ಮಾತ್ರ ಎದ್ದು ನಿಂತಳು.

"ಮೇಡಂ, ಆ ಊರಾಗ ಮೂರೂ ಧರ್ಮದವರು ಅಷ್ಟ ಛಲೋ ಇದ್ರೇನ್ರಿ?"

"ಛಲೋ ಅಂತೇನಿಲ್ಲವಾ. ಮುಂದ ಅದ ದೇಶದಾಗ ಯಹೂದಿಗಳನ್ನ ಊರು ಬಿಡಿಸಿದ್ರು. ಆಮ್ಯಾಲೆ ಮುಸಲ್ಮಾನರನ್ನೂ ಬಿಡಿಸಿದ್ರು. ಪುಸ್ತಕಾನೂ ಸುಟ್ಟರು."

"ಮತ್ತ ಆವಾಗ ಯಾಕ ಕೂಡಿ ಕುಂತಿದ್ರು?"

"ಕೆಲಸ ಇತ್ತು" ಎಂದೆ.

ಅವಳಿಗೆ ಅದು ಸಾಕಾಯಿತೆಂದು ಕಾಣುತ್ತದೆ. "ನಮ್ಮ ಅಪ್ಪಾರೂ ಹಂಗರೀ" ಎಂದಳು. "ಹಳೇ ಕಾಗದೆಲ್ಲಾ ಮೋಡಿಯೊಳಗ ಇರ್ತಾವ. ಅಪ್ಪಗ ಮೋಡಿ ಬರಂಗಿಲ್ಲ. ಬಾಜೂ ಟೇಬಲ್ಲಿನ ಇಮಾಮ ಕಾಕಾ ಓದಿ ಬಾಯಿಲೆ ಹೇಳ್ತಾರ, ಅಪ್ಪ ಕನ್ನಡದಾಗ ಬರೀತಾನ. ಇಬ್ಬರೂ ಮುಂಜಾನಿಂದ ಜಗಳಾ ಆಡ್ತಾರ್ರಿ. ಕಾಗದ ಬಂತಂದ್ರ ಗಪ್ಪ ಕುಂದರ್ತಾರ."

ಕ್ಲಾಸೆಲ್ಲ ನಕ್ಕಿತು. ಮೋಡಿ ಎಂದರೆ ಪೆನ್ನು ಎತ್ತದೆ ಬರೆದುಕೊಂಡು ಹೋಗುವ ಹಳೆಯ ಮರಾಠಿ ಲಿಪಿ. ರಾಮದುರ್ಗ ಸಂಸ್ಥಾನದ ಕಾಲದ ಕಾಗದಗಳು ಅದರಲ್ಲೇ ಇರುತ್ತವೆ, ಅದನ್ನು ಓದಬಲ್ಲವರು ಈಗ ಅಲ್ಲೊಬ್ಬರು ಇಲ್ಲೊಬ್ಬರು. ನಾನು ಅವಳ ಮಾತಿಗೆ ತಲೆಯಾಡಿಸಿ, "ವೆರಿ ಗುಡ್. ಇನ್ನ ಪೆನ್ನು ತಗೊಳ್ರಿ" ಎಂದೆ.

ಅದು ಅವರ ಕೊನೆಯ ಸೆಮಿಸ್ಟರ್. ಪರೀಕ್ಷೆಯಾಗಿ ಒಂದು ವಾರಕ್ಕೆ ವ್ಯಾಲ್ಯುವೇಶನ್ ಕ್ಯಾಂಪಿಗೆ ಕರೆ ಬಂತು. ಹೊಸಬರಿಗೆ ಕ್ಯಾಂಪು ಹೇಗಿರುತ್ತದೆಂದು ಹೇಳಬೇಕು. ಒಂದು ದೊಡ್ಡ ಹಾಲ್, ಉದ್ದನೆಯ ಟೇಬಲ್ಲುಗಳು, ಫ್ಯಾನಿನ ಗಾಳಿಗೆ ಹಾರದಂತೆ ಪೇಪರಿನ ಮೇಲೆ ಇಟ್ಟ ಊಟದ ಡಬ್ಬಿ. ಉತ್ತರಪತ್ರಿಕೆಗಳ ಮೇಲೆ ಹೆಸರಿಲ್ಲ, ಕೋಡ್ ನಂಬರ್ ಮಾತ್ರ. ಯಾವ ಕಾಲೇಜಿನವರ ಪೇಪರ್ ಯಾರಿಗೆ ಬರುತ್ತದೋ ಗೊತ್ತಾಗುವುದಿಲ್ಲ. ಪ್ರತಿಯೊಬ್ಬರ ಎದುರಿಗೆ ಒಂದು ಸ್ಕೀಮ್. ಯಾವ ಪ್ರಶ್ನೆಗೆ ಯಾವ ಪಾಯಿಂಟು, ಯಾವ ಪಾಯಿಂಟಿಗೆ ಎಷ್ಟು ಮಾರ್ಕ್ಸ್. ಆ ವರ್ಷ ಸ್ಕೀಮ್ ಮಾಡಿದವರು, ಕ್ಯಾಂಪಿನಲ್ಲಿ ನಮ್ಮ ವಿಷಯದ ಚೀಫ್ ಎಕ್ಸಾಮಿನರ್ ಆಗಿದ್ದವರು ಹುಕ್ಕೇರಿ ಸರ್. ಅವರ ರಿಟೈರ್ಮೆಂಟಿಗೆ ಇನ್ನೂ ಒಂದು ವರ್ಷವಿತ್ತು.

ಮಧ್ಯಾಹ್ನದ ಊಟ ಆದ ಮೇಲಿನ ಎರಡನೆಯ ಕಟ್ಟಿನಲ್ಲಿ ಒಂದು ಪೇಪರ್ ಬಂತು. ಪುನರುಜ್ಜೀವನಕ್ಕೆ ಕಾರಣಗಳೇನು, ಹತ್ತು ಮಾರ್ಕ್ಸ್. ಈ ವಿದ್ಯಾರ್ಥಿ ಐದು ಕಾರಣಗಳಲ್ಲಿ ಒಂದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಆಮೇಲೆ ಎರಡೂವರೆ ಪುಟ ಟೊಲೆಡೊ ಬರೆದಿದ್ದ ಅಥವಾ ಬರೆದಿದ್ದಳು. ಯಹೂದಿ ಓದಿದ್ದು, ಪಾದ್ರಿ ಬರೆದಿದ್ದು, ನಡುವೆ ಊರಿನ ಆಡುಮಾತು ನಿಂತಿದ್ದು. ಕೊನೆಗೆ, 'ನಮ್ಮ ಕಡೆ ರಿಜಿಸ್ಟ್ರಾರ್ ಆಫೀಸಿನ ಮುಂದೆ ಇಂದಿಗೂ ಹೀಗೆಯೇ ನಡೆಯುತ್ತದೆ' ಎಂದು ಒಂದು ವಾಕ್ಯ. ಇದನ್ನು ಬರೆಯುವುದರಲ್ಲೇ ಹೊತ್ತು ಹೋಗಿ, ಮುಂದಿನ ಪ್ರಶ್ನೆಗಳು ಖಾಲಿ ಉಳಿದಿದ್ದವು.

ಗೊತ್ತಾಗಲಿಲ್ಲ ಎಂದು ನಾನು ಈಗ ಬರೆದರೆ ಯಾರೂ ಪರೀಕ್ಷಿಸಲಾರರು. ಯಾರ ಅಕ್ಷರ ಎಂದು ಗೊತ್ತಾಗಲಿಲ್ಲ, ಅದು ನಿಜ. ರಿಜಿಸ್ಟ್ರಾರ್ ಆಫೀಸು ಎಲ್ಲ ತಾಲೂಕಿನಲ್ಲೂ ಇದೆ, ಕೈ ನಡೆದಷ್ಟು ಆ ಹೊತ್ತಿಗೆ ತಲೆ ನಡೆಯುತ್ತಿರಲಿಲ್ಲ. ಆದರೆ ಬರೆದದ್ದು ಸರಿ ಎಂಬುದು ಗೊತ್ತಿತ್ತು. ಎದ್ದು ಹುಕ್ಕೇರಿ ಸರ್ ಟೇಬಲ್ಲಿಗೆ ಹೋದೆ.

"ಸರ್, ಇದರಾಗ ಸ್ಕೀಮಿನ್ಯಾಗ ಇಲ್ಲದ್ದು ಬರದಾರ. ಆದ್ರ ಖರೆ ಐತ್ರಿ."

ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಖರೆ ಇದ್ರೇನ್ರಿ ಬಾಯಾರ, ಸ್ಕೀಮಿನ್ಯಾಗ ಇಲ್ಲಲ್ಲ. ಇವತ್ತ ನೀವು ಇದಕ್ಕ ಕೊಡ್ರಿ, ನಾಳೆ ಇನ್ನೊಬ್ಬರು ಇನ್ನೊಂದಕ್ಕ ಕೊಡ್ತಾರ. ಸ್ಕೀಮ್ ಅಂತ ಯಾಕ ಮಾಡೂದು?"

ವಾಪಸು ಬಂದು ಕೂತೆ. ಆ ಎರಡೂವರೆ ಪುಟಗಳ ಮೇಲೆ ಕೆಂಪು ಶಾಯಿಯಲ್ಲಿ ಓರೆಯಾಗಿ ಒಂದೊಂದು ಗೆರೆ ಎಳೆದೆ. ಮಾರ್ಜಿನ್ನಿನಲ್ಲಿ 'ಇರ್ರೆಲವಂಟ್' ಎಂದು ಇಂಗ್ಲಿಷಿನಲ್ಲಿ ಬರೆದೆ. ಹತ್ತಕ್ಕೆ ಎರಡು ಕೊಟ್ಟೆ. ಮುಂದಿನ ಪೇಪರ್ ತೆಗೆದುಕೊಂಡೆ.

ರಿಸಲ್ಟ್ ಬಂದಾಗ ಶಿವಲೀಲಾ ಆ ಒಂದು ಪೇಪರಿನಲ್ಲಿ ಫೇಲಾಗಿದ್ದಳು. ನಾಲ್ಕು ಮಾರ್ಕ್ಸ್ ಕಡಿಮೆ. ಉಳಿದದ್ದರಲ್ಲೆಲ್ಲ ಫಸ್ಟ್ ಕ್ಲಾಸ್. ಧಾರವಾಡದಲ್ಲಿ ಹಿಸ್ಟರಿ ಎಂ.ಎ.ಗೆ ಅವಳ ಹೆಸರು ಪಟ್ಟಿಯಲ್ಲಿತ್ತು, ಪಾಸಾದ ಮಾರ್ಕ್ಸ್ ಕಾರ್ಡ್ ತೋರಿಸಲು ಮೂರು ವಾರದ ಗಡುವು. ಅವರ ಮನೆತನದಲ್ಲಿ ಹೆಣ್ಣುಮಕ್ಕಳಿರಲಿ, ಗಂಡಸರೂ ಅಲ್ಲಿಯವರೆಗೆ ಓದಿರಲಿಲ್ಲ. ಉತ್ತರಪತ್ರಿಕೆಯ ಫೋಟೋಕಾಪಿ ತರಿಸಿಕೊಂಡು ನೋಡು ಎಂದು ನಾನೇ ಅವಳಿಗೆ ಹೇಳಿ ಕಳಿಸಿದೆ. ಕ್ಯಾಂಪಿನ ಆ ಪೇಪರಿಗೂ ಅವಳಿಗೂ ನಾನು ಗಂಟು ಹಾಕಿರಲಿಲ್ಲ, ಎಲ್ಲೋ ಟೋಟಲ್ ತಪ್ಪಾಗಿರಬೇಕು ಎಂದುಕೊಂಡಿದ್ದೆ.

ಅವಳು ಫೋಟೋಕಾಪಿ ತೆಗೆದುಕೊಂಡು ಮನೆಗೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚೇರಿನ ಅಂಚಿಗೆ ಕೂತು, ಹಾಳೆಗಳನ್ನು ನನ್ನ ಮುಂದಿಟ್ಟಳು. ಕಪ್ಪು ಬಿಳುಪಿನಲ್ಲಿ ಕೆಂಪು ಗೆರೆ ಕಪ್ಪಾಗಿ ಬಂದಿತ್ತು. ಮಾರ್ಜಿನ್ನಿನ ಮೇಲೆ ಬೆರಳಿಟ್ಟಳು.

"ಮೇಡಂ, ಇದು ನಿಮ್ಮ ಅಕ್ಷರ ಹೌದಲ್ರಿ?"

ಆ ಕ್ಯಾಂಪಿನಲ್ಲಿ ಇಂಗ್ಲಿಷನ್ನು ಆ ಥರ ಬರೆಯುವವಳು ನಾನೊಬ್ಬಳೇ. ಎಲ್ ಅಕ್ಷರಕ್ಕೆ ಉದ್ದನೆಯ ಲೂಪು, ಕೊನೆಯ ಟಿಗೆ ಬಾಲ. ಸಿಸ್ಟರ್ ನಾಲ್ಕು ಗೆರೆಯ ಕಾಪಿಯಲ್ಲಿ ತಿದ್ದಿಸಿದ್ದು. ಪೇಪರ್ ನೋಡಿದವರು ತಾವು ನೋಡಿದ್ದೆಂದು ಯಾರಿಗೂ ಹೇಳಬಾರದು, ಅದು ರೂಲ್. ಇಷ್ಟು ವರ್ಷ ನಾನು ಅದನ್ನು ಮುರಿದಿರಲಿಲ್ಲ.

"ಹೌದವಾ" ಎಂದೆ.

ಅವಳು ಬೆರಳನ್ನು ಮಾರ್ಜಿನ್ನಿನಿಂದ ತನ್ನ ಸಾಲುಗಳ ಮೇಲೆ ಸರಿಸಿದಳು. "ನೀವ ಹೇಳಿದ್ದು ಬರದೇನ್ರಿ."

"ಪೆನ್ನು ಕೆಳಗಿಡ್ರಿ ಅಂದ ಮ್ಯಾಲೆ ಹೇಳಿದ್ದಲ್ಲವಾ ಅದು."

"ಅದಕ್ಕ ನೆನಪುಳೀತ್ರಿ. ಬರಕೊಂಡಿದ್ದನ್ನ ಯಾರ ನೆನಪಿಡ್ತಾರ್ರಿ?"

ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ. ಹಾಲು ಉಕ್ಕುವವರೆಗೂ ಅಡುಗೆಮನೆಯಲ್ಲೇ ನಿಂತಿದ್ದೆ. ಹೊರಗೆ ಬಂದಾಗ ಅವಳು ಒಂದೇ ಮಾತು ಕೇಳಿದಳು: "ನಾ ಅದನ್ನ ಬರೀಬಾರದಿತ್ತೇನ್ರಿ ಮೇಡಂ?" ಈ ಪ್ರಶ್ನೆಗೆ ಹೌದು ಎಂದರೆ ಒಂದು ಸುಳ್ಳು. ಇಲ್ಲ ಎಂದರೆ ಅವಳು ಫೇಲಾದದ್ದು ಯಾಕೆ ಎಂದು ಹೇಳಬೇಕು. "ರೀವ್ಯಾಲ್ಯುವೇಶನ್‌ಗೆ ಹಾಕು. ಉಳಿದದ್ದು ನಾ ನೋಡತೇನಿ" ಎಂದೆ.

ರೀವ್ಯಾಲ್ಯುವೇಶನ್ ಎಂದರೆ ಬೇರೊಬ್ಬರು ನೋಡುತ್ತಾರೆ, ಆದರೆ ಅದೇ ಸ್ಕೀಮ್ ಇಟ್ಟುಕೊಂಡು. ಎರಡು ಮಾರ್ಕ್ಸ್ ಎರಡಾಗಿಯೇ ಉಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಹುಕ್ಕೇರಿ ಸರ್ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಫೋಟೋಕಾಪಿ ತೋರಿಸಿದೆ, ನಡೆದದ್ದೆಲ್ಲ ಹೇಳಿದೆ.

"ಹುಡುಗಿಗೆ ಹೌದು ಅಂದ್ರೇನು?" ಅವರ ಮುಖ ಬಿಗಿಯಿತು. "ನಿಮಗ ಮೆಮೋ ಬರ್ತದ ಬಾಯಾರ."

"ಬರಲಿ ಸರ್. ಸ್ಕೀಮ್ ಅಪೂರ್ಣ ಐತಿ ಅಂತ ನೀವೊಂದು ಮಾತು ಬರದ ಕೊಡ್ರಿ."

"ನನ್ನ ಸ್ಕೀಮ್ ಎಲ್ಲಿಂದ ಬಂತು? ನೋಟ್ಸಿನಿಂದ. ಆ ನೋಟ್ಸ್ ನಾನು ನಮ್ಮ ಗುರುಗಳ ಕಡಿಂದ ತಗೊಂಡೆ. ಅವರು ಯಾರ ಕಡಿಂದ ತಗೊಂಡಿದ್ರೋ ಅವರಿಗ ಗೊತ್ತು." ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಾ ಒಂದ ಮಾತು ಕೇಳಲೇನು? ಈ ಕಥಿ ನಿಮಗ ಎಷ್ಟು ವರ್ಷದಿಂದ ಗೊತ್ತು?"

"ಇಪ್ಪತ್ತೈದು ವರ್ಷ ಆತ್ರಿ."

"ಇಪ್ಪತ್ತೈದು ವರ್ಷದಾಗ ಒಮ್ಮೆರೆ ಎರಡು ಸಲ ಹೇಳೀರೇನು?"

ನಾನು ಫೋಟೋಕಾಪಿಯನ್ನು ಮಡಚಿದೆ.

"ಒಮ್ಮೆ ನೀವು ಬರಸಿದ್ರ ಅದು ನೋಟ್ಸ್ ಆಗತಿತ್ತು. ನೋಟ್ಸಿನ್ಯಾಗ ಇದ್ರ ನನ್ನ ಸ್ಕೀಮಿನ್ಯಾಗ ಬರತಿತ್ತು. ನೀವು ಛಲೋದೆಲ್ಲಾ ಪೆನ್ನು ಕೆಳಗಿಡಿಸಿ ಹೇಳೀರಿ, ಹಳಸಿದ್ದು ಬರಸೀರಿ. ಈಗ ಬಂದು ನನಗ ಅಪೂರ್ಣ ಅಂತೀರಿ."

ಈ ಮಾತನ್ನು ಹೊಸಬರು ಬರೆದಿಟ್ಟುಕೊಳ್ಳಬೇಕು ಎಂದು ನನ್ನ ಆಸೆ. ನಾನು ಎಷ್ಟೋ ವರ್ಷ ನನ್ನನ್ನು ಉದಾರ ಮನಸ್ಸಿನ ಟೀಚರ್ ಎಂದು ತಿಳಿದುಕೊಂಡಿದ್ದೆ. ಹುಕ್ಕೇರಿ ಸರ್ ಹಳೆ ನೋಟ್ಸಿನವರು, ನಾನು ಕಥೆ ಹೇಳುವವಳು ಎಂದು. ಮಾರ್ಕ್ಸಿಗೆ ಬೇಕಾದ್ದನ್ನು ಅವರ ಹೆಸರಿನಲ್ಲಿ ಬರೆಸಿ, ಸತ್ಯವನ್ನು ಮಾತ್ರ ನನ್ನ ಖುಷಿಗೆ ಇಟ್ಟುಕೊಂಡಿದ್ದೆ.

ಅಲ್ಲೇ ಅವರ ಪಡಸಾಲೆಯಲ್ಲಿ ಕೂತು ಮೌಲ್ಯಮಾಪನ ವಿಭಾಗಕ್ಕೆ ಪತ್ರ ಬರೆದೆ. ಈ ಕೋಡ್ ನಂಬರಿನ ಪತ್ರಿಕೆಯನ್ನು ಮೌಲ್ಯಮಾಪನ ಮಾಡಿದವಳು ನಾನು. ಇಂಥ ಪ್ರಶ್ನೆಗೆ ಬರೆದ ಉತ್ತರ ಸರಿಯಾಗಿದೆ. ಸರಿಯೆಂದು ತಿಳಿದೂ ನಾನು ಅದನ್ನು ಹೊಡೆದು ಹಾಕಿದ್ದೇನೆ. ಈ ವಿಷಯವನ್ನು ತರಗತಿಯಲ್ಲಿ ಹೇಳಿದವಳೂ ನಾನೇ. ಹುಕ್ಕೇರಿ ಸರ್ ಓದಿದರು. ಮತ್ತೊಮ್ಮೆ ಓದಿದರು. ಜೇಬಿನಿಂದ ಪೆನ್ನು ತೆಗೆದು ಕೆಳಗೆ ಒಂದು ಸಾಲು ಸೇರಿಸಿದರು: 'ಸದರಿ ಅಂಶವು ಸ್ಕೀಮಿನಲ್ಲಿ ಇರಬೇಕಿತ್ತು.' ಸಹಿ ಮಾಡಿ, "ಚಹಾ ಕುಡದ ಹೋಗ್ರಿ" ಎಂದರು.

ನನಗೆ ಮೆಮೋ ಬಂತು, ಮುಂದಿನ ಮೂರು ವರ್ಷ ಕ್ಯಾಂಪಿಗೆ ಕರೆಯಲಿಲ್ಲ. ಶಿವಲೀಲಾ ಪಾಸಾದಳು. ಆದರೆ ಆ ಫಲಿತಾಂಶ ಬರುವ ಹೊತ್ತಿಗೆ ಧಾರವಾಡದ ಗಡುವು ಮುಗಿದು ಹದಿನೈದು ದಿನವಾಗಿತ್ತು. ಸುದ್ದಿ ಹೇಳಲು ಫೋನ್ ಮಾಡಿದರೆ ಅವಳ ತಂದೆ ಎತ್ತಿಕೊಂಡರು. "ಇರ್ಲಿ ಬಿಡ್ರಿ ಮೇಡಂ. ಕಾಗದ ಹೊರಗ ಬರಾಕ ಹೊತ್ತು ಹಿಡೀತದ, ನಮಗ ರೂಢಿ ಐತಿ" ಎಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಒಂದು ವರ್ಷ ಅವಳು ತಂದೆಯ ಜೊತೆ ರಾಮದುರ್ಗಕ್ಕೆ ಹೋಗಿಬಂದು ಮಾಡಿದಳು. ಇಮಾಮ ಕಾಕಾ ಅವಳಿಗೆ ಮೋಡಿ ಕಲಿಸಿದರಂತೆ. ಮುಂದಿನ ವರ್ಷ ಎಂ.ಎ. ಸೇರಿದಳು. ಈಗ ಧಾರವಾಡದಲ್ಲಿ ಹಳೆಯ ದಾಖಲೆ ಓದಿಕೊಡುವುದೇ ಅವಳ ಕೆಲಸ. ನನ್ನ ತಪ್ಪಿನಿಂದ ಒಳ್ಳೆಯದೇ ಆಯಿತು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಹಾಗೆ ಲೆಕ್ಕ ಹಾಕುವುದಿಲ್ಲ. ಕೈತಪ್ಪಿ ಹೋದ ಆ ಒಂದು ವರ್ಷ ಅವಳದು.

ಆಮೇಲಿನ ಬ್ಯಾಚಿಗೆ ನಾನು ಟೊಲೆಡೊವನ್ನು ಎರಡೆರಡು ಸಲ ಹೇಳಿ ಬರೆಸಿದೆ. ಆರನೆಯ ಕಾರಣ ಎಂದು ನಂಬರ್ ಹಾಕಿಸಿದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು, ಎಲ್ಲರೂ ಕಾಲೇಜಿನ ಟೆಸ್ಟಿನಲ್ಲಿ ನನ್ನದೇ ಶಬ್ದಗಳಲ್ಲಿ ಬರೆದರು, ಎರಡೆರಡು ಮಾರ್ಕ್ಸ್ ಸಿಕ್ಕವು. ಆ ಪಂಡಿತ, ಆ ಪಾದ್ರಿ ಯಾಕೆ ಕೂಡಿ ಕೂತಿದ್ದರು ಎಂದು ಯಾರೂ ಕೇಳಲಿಲ್ಲ. ಇದಕ್ಕೆ ಮದ್ದೇನು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಈಗ ನೋಟ್ಸ್ ಪಿಡಿಎಫ್ ಆಗಿ ವಾಟ್ಸ್ಯಾಪಿನಲ್ಲಿ ಹೋಗುತ್ತದೆ, ಕ್ಲಾಸಿನಲ್ಲಿ ಪೆನ್ನೇ ಇರುವುದಿಲ್ಲ. ಕೆಳಗಿಡಿ ಎನ್ನಲು ಹೊಸಬರಿಗೆ ಏನಿದೆಯೋ, ಅವರೇ ಕಂಡುಕೊಳ್ಳಬೇಕು.

ಕಳೆದ ಬೇಸಿಗೆಯಲ್ಲಿ ನಮ್ಮ ಹಳೆಯ ಅರಳಿ ಅಂಗಡಿ ಖಾಲಿ ಮಾಡುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದಗಳು, ಎಲ್ಲ ಮೋಡಿ. ನನ್ನ ಮುತ್ತಜ್ಜನ ಕಾಲದ ಪತ್ರವ್ಯವಹಾರ. ಒಂದಕ್ಷರ ನನಗೆ ಬಾರದು. ಶಿವಲೀಲಾಗೆ ಫೋನ್ ಮಾಡಿದೆ. "ಬರತೇನ್ರಿ ಮೇಡಂ, ಆದರ ಓದೂದು ನಾ, ಬರಿಯೂದು ನೀವು. ಎರಡೂ ನನ್ನ ಕೈಲೆ ಆಗೂದಿಲ್ಲ" ಎಂದಳು. ಅಂದಿನಿಂದ ತಿಂಗಳಿಗೊಂದು ಭಾನುವಾರ ಧಾರವಾಡದಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ.

ಕಿಟಕಿಯ ಹತ್ತಿರ ಟೇಬಲ್ ಹಾಕಿಕೊಂಡು ಎದುರುಬದುರು ಕೂರುತ್ತೇವೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು ಮೊದಲು ಮನಸ್ಸಿನಲ್ಲೇ ಓದುತ್ತಾಳೆ, ಆಮೇಲೆ ನಮ್ಮ ಮಾತಿನಲ್ಲಿ ಹೇಳುತ್ತಾಳೆ. ನಾನು ಬರೆದುಕೊಳ್ಳುತ್ತೇನೆ. ತಿಳಿಯದಿದ್ದರೆ, "ಇನ್ನೊಮ್ಮೆ ಹೇಳವಾ" ಎನ್ನುತ್ತೇನೆ. "ಎರಡು ಸಲ ಹೇಳಿದ್ರ ಪರೀಕ್ಷಾಕ್ಕ ಬರ್ತದ ನೋಡ್ರಿ" ಎಂದು ಚುಚ್ಚುತ್ತಾಳೆ.

ಹೋದ ಭಾನುವಾರ ಒಂದು ಪತ್ರದ ನಡುವೆ ನಿಂತಳು. ಅಲ್ಲೊಂದು ಗುರುತು ಇತ್ತು, ಅಕ್ಷರವಲ್ಲ. ಅಂಥದ್ದರ ಬಗ್ಗೆ ಇಮಾಮ ಕಾಕಾ ಅವಳಿಗೆ ಏನೋ ಹೇಳಿದ್ದರಂತೆ, ಬರೆಯುವವರು ಯಾರಿಗೋ ಹೆದರಿದಾಗ ಹಾಗೆ ಬರೆಯುತ್ತಿದ್ದರೆಂದು. ಕಾಕಾ ತೀರಿಕೊಂಡು ಎರಡು ವರ್ಷವಾಯಿತು.

"ಪೆನ್ನು ಕೆಳಗಿಡ್ರಿ ಮೇಡಂ" ಎಂದಳು. "ಇದು ಕಾಗದದಾಗ ಇಲ್ಲ. ಕಾಕಾ ಬಾಯಿಲೆ ಹೇಳಿದ್ದು."

"ನೀ ಹೇಳು" ಎಂದೆ. ಪೆನ್ನು ಕೈಯಲ್ಲೇ ಇತ್ತು.